ಷೋಕೇಸಿನ ಟ್ರೋಫಿ ಮತ್ತು ತಮ್ಮನ ಎಡಗಣ್ಣು
ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮಂಡ್ಯ ಸಮೀಪದ ಹಳ್ಳಿಯ ಓದುಗರೊಬ್ಬರು ಬರೆದಿದ್ದರು: “ತಮ್ಮನಿಗೆ 26 ವರ್ಷ, ಬಾಕ್ಸರ್. ರಾಷ್ಟ್ರೀಯ ಶಿಬಿರದ ಆಯ್ಕೆಗೆ ಮೂರು ವಾರ ಇರುವಾಗ ಅಭ್ಯಾಸದ ಸ್ಪಾರಿಂಗ್‌ನಲ್ಲಿ ಏಟು ಬಿದ್ದು ಎಡಗಣ್ಣಿನ ರೆಟಿನಾ ಕಳಚಿತು. ಎರಡು ಆಪರೇಷನ್ ಆದರೂ ಆ ಕಣ್ಣಿಗೆ ಬೆಳಕು ಬಿಟ್ಟರೆ ಹೆಚ್ಚೇನೂ ಕಾಣದು. ಎರಡು ವರ್ಷದಿಂದ ಹಗಲೆಲ್ಲ ನಾಲೆ ಏರಿ ಮೇಲೆ ಕೂರುತ್ತಾನೆ, ರಾತ್ರಿಯೆಲ್ಲ ತನ್ನ ಹಳೇ ಬೌಟ್‌ಗಳ ವಿಡಿಯೊ ನೋಡುತ್ತಾನೆ. ಇವನ ಕೈಲಿ ಎರಡು ಸಲ ಸೋತ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿದೆ. ಬಂದವರಿಗೆಲ್ಲ ಅವ್ವ ಷೋಕೇಸ್ ತೋರಿಸಿ ‘ಒಲಿಂಪಿಕ್ಸಿಗೆ ಹೋಗ್ಬೇಕಾಗಿದ್ದ ಮಗ’ ಅನ್ನುತ್ತಾಳೆ, ಅವನು ಎದ್ದು ಹೊರಗೆ ಹೋಗುತ್ತಾನೆ. ಈಗ ಜಾತ್ರೆಯಲ್ಲಿ ಯಾರೋ ಬಾಕ್ಸಿಂಗ್ ಶೋ ಇಟ್ಟಿದ್ದಾರಂತೆ. ‘ಒಂದೇ ಒಂದು ಸಲ ಆಡ್ತೀನಿ ಬಿಡಕ್ಕ’ ಎಂದು ಹಟ ಹಿಡಿದಿದ್ದಾನೆ. ಹೇಗೆ ತಡೆಯಲಿ?”

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಅಕ್ಕ, ಮೊದಲು ಜಾತ್ರೆ ವಿಷಯ. ಬೇಡವೇ ಬೇಡ. ನಾನು ಕಣ್ಣಿನ ವಾರ್ಡಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು. ರೆಟಿನಾ ಅಂದರೆ ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ತೆಳು ಪರದೆ. ಏಟಿಗೆ ಅದರಲ್ಲಿ ಚಿಕ್ಕ ಹರಕು ಬಿದ್ದರೂ ಸಾಕು, ಕಣ್ಣೊಳಗಿನ ನೀರು ಅದರಲ್ಲಿ ನುಸುಳಿ ಪರದೆಯನ್ನೇ ಗೋಡೆಯಿಂದ ಎಬ್ಬಿಸಿಬಿಡುತ್ತದೆ. ಆಪರೇಷನ್ನಿನಲ್ಲಿ ಮತ್ತೆ ಕೂರಿಸಿ, ಹರಕಿನ ಸುತ್ತ ಲೇಸರಿನಿಂದ ಬೆಸೆಯುತ್ತಾರೆ. ಕೆಲವರಿಗೆ ಒಳಗೆ ಗ್ಯಾಸ್ ತುಂಬಿ ದಿನಗಟ್ಟಲೆ ಬೋರಲು ಮಲಗಿಸುತ್ತಾರೆ. ಆ ಗ್ಯಾಸ್ ಕರಗುವ ತನಕ ವಿಮಾನ ಇರಲಿ, ಊಟಿ ಘಾಟಿ ಹತ್ತುವುದಕ್ಕೂ ಬಿಡುವುದಿಲ್ಲ, ಮೇಲೆ ಹೋದಂತೆ ಅದು ಹಿಗ್ಗಿ ಕಣ್ಣನ್ನು ಒತ್ತುತ್ತದೆ. ಇಷ್ಟೆಲ್ಲ ಪಟ್ಟ ಕಣ್ಣಿಗೆ ಮತ್ತೊಂದು ಗುದ್ದು ಅಂದರೆ ಇರುವ ಬೆಳಕೂ ಹೋದೀತು.

“ಷುಗರ್ ರೇ ಲಿಯೊನಾರ್ಡ್ ವಾಪಸ್ ಬರಲಿಲ್ವಾ?” ಅಂತ ಕೇಳೇ ಕೇಳುತ್ತಾನೆ. ಬಂದರು. 1982ರಲ್ಲಿ ಎಡಗಣ್ಣಿನ ರೆಟಿನಾ ಆಪರೇಷನ್ ಆಗಿ ನಿವೃತ್ತಿ ಹೇಳಿದ ಆ ಅಮೆರಿಕದ ಬಾಕ್ಸರ್ 1987ರಲ್ಲಿ ಆಗಿನ ವಿಶ್ವ ಚಾಂಪಿಯನ್ ಹ್ಯಾಗ್ಲರ್ ಅವರನ್ನು ಸೋಲಿಸಿದರು. ಅವರದು ಪೂರ್ತಿ ಕಳಚಿರಲಿಲ್ಲ, ದೃಷ್ಟಿ ಉಳಿದಿತ್ತು. ನಿಮ್ಮ ತಮ್ಮನಿಗೆ ಉಳಿದಿಲ್ಲ, ಲೆಕ್ಕ ಅಷ್ಟೇ.

ಮಾನ್ಯತೆ ಇರುವ ಪಂದ್ಯವಾದರೆ ತೂಕ ನೋಡುವ ಹೊತ್ತಿಗೇ ಡಾಕ್ಟರು ಪರೀಕ್ಷೆ ಮಾಡಿ ಇಂಥವರನ್ನು ವಾಪಸ್ ಕಳಿಸುತ್ತಾರೆ. ಜಾತ್ರೆಯಲ್ಲಿ ಆ ಡಾಕ್ಟರ ಟೇಬಲ್ ಇರುವುದಿಲ್ಲ, ಅದಕ್ಕೇ ಅವನು ಅಲ್ಲಿಗೆ ಹೊರಟಿರುವುದು. ಬಲಗಣ್ಣಿಗೂ ಡ್ರಾಪ್ಸ್ ಹಾಕಿಸಿ, ಪಾಪೆ ಹಿಗ್ಗಿಸಿ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ. ಮಿಂಚು ಹೊಳೆದಂತೆ, ಕಪ್ಪು ಚುಕ್ಕೆ ತೇಲಿದಂತೆ, ಪಕ್ಕದಿಂದ ಪರದೆ ಎಳೆದಂತೆ ಕಂಡರೆ ಅವತ್ತೇ ಹೊರಡಬೇಕು, ನಾಳೆ ನೋಡೋಣ ಅನ್ನಬಾರದು.
— ನರ್ಸ್, ಮೈಸೂರು

*

ತಾಯಿ, ನಾನು ಬಾಕ್ಸಿಂಗ್ ಕಂಡವನಲ್ಲ, ಗರಡಿ ಮಣ್ಣಿನಲ್ಲಿ ಬೆಳೆದವನು. ವಯಸ್ಸು 61. ನನ್ನ ಇಪ್ಪತ್ತನಾಲ್ಕರಲ್ಲಿ ದಸರಾ ಕುಸ್ತಿಗೆ ಜೋಡಿ ಕಟ್ಟಿದ್ದರು. ಒಂಬತ್ತು ದಿನ ಬಾಕಿ. ಬೆಳಿಗ್ಗೆ ಸಾಮು ಮಾಡುವಾಗ ದಿನಾ ಹಾಕುವ ಪಟ್ಟೇ ಹಾಕಿದೆ. ಕಾಲು ಮಟ್ಟಿಯಲ್ಲಿ ಹೂತಿತ್ತು. ಮೈ ತಿರುಗಿತು, ಮೊಣಕಾಲು ತಿರುಗಲಿಲ್ಲ. ಕಬ್ಬು ಮುರಿದಂತೆ ಲಟಕ್ ಅಂದದ್ದು ಗರಡಿಯಲ್ಲಿದ್ದವರಿಗೆಲ್ಲ ಕೇಳಿಸಿತು.

ಆಮೇಲೆ ಹದಿನೈದು ವರ್ಷ ಆ ಜೋಡಿಯ ಜೊತೆ ಮನಸ್ಸಿನಲ್ಲೇ ಕುಸ್ತಿ ಆಡಿದೆ. ಬಸ್ಸಿನಲ್ಲಿ ಕೂತಾಗ, ಅಂಗಡಿ ಬಾಗಿಲು ಹಾಕುವಾಗ, ಮಗಳ ಮದುವೆ ಮಾತಾಡುವಾಗಲೂ. ಪ್ರತಿ ಸಲ ನಾನೇ ಗೆದ್ದೆ. ಆಡದ ಕುಸ್ತಿಯಲ್ಲಿ ಚಿತ್ ಆಗುವುದಾದರೂ ಹೇಗೆ ಹೇಳಿ? ಒಂದು ದಿನ ದೇವರಾಜ ಮಾರ್ಕೆಟ್ ಹತ್ತಿರ ಆ ಪೈಲ್ವಾನರೇ ಎದುರಾದರು. ಹೊಟ್ಟೆ ಬಂದಿತ್ತು, ಕೈಯಲ್ಲಿ ಸೊಪ್ಪಿನ ಚೀಲ. ಟೀ ಕುಡಿಯುತ್ತಾ ಅವರಾಗೇ ಹೇಳಿದರು: “ಆ ವರ್ಷ ನಂಗೂ ಭುಜ ಎತ್ತೋಕಾಗ್ತಿರಲಿಲ್ಲ ಕಣಯ್ಯ. ಜೋಡಿ ತಪ್ಪಿದ್ದು ಕೇಳಿ ಚಾಮುಂಡಿಗೆ ಕಾಯಿ ಒಡೆಸಿದೆ.” ಅಷ್ಟು ವರ್ಷ ನಾನು ರಾತ್ರಿಯೆಲ್ಲ ಬೀಳಿಸುತ್ತಿದ್ದದ್ದು ಭುಜ ಎತ್ತಲಾಗದವನನ್ನು!

ಅದಕ್ಕೇ ನಿಮ್ಮವ್ವನಿಗೆ ಒಂದು ಮಾತು ಹೇಳಿ. ಟ್ರೋಫಿ ತೆಗೆದು ಅಟ್ಟಕ್ಕೆ ಹಾಕುವುದೇನೂ ಬೇಡ, ಅದು ಅವನು ಆಡಿ ತಂದದ್ದು. ತೆಗೆಯಬೇಕಾದದ್ದು “ಹೋಗ್ಬೇಕಾಗಿದ್ದ” ಅನ್ನುವ ಪದ. ಆ ಪದ ಕೇಳಿದಾಗಲೇ ಅಲ್ಲವೇ ಅವನು ಎದ್ದು ಹೋಗುವುದು? ಬಂದವರಿಗೆ ನಡೆದದ್ದು ಹೇಳಲಿ. ಯಾವ ಊರಲ್ಲಿ ಆಡಿದ, ಯಾರನ್ನು ಸೋಲಿಸಿದ, ಯಾರ ಕೈಲಿ ಮೂಗು ಒಡೆಸಿಕೊಂಡ. ಸೋತದ್ದನ್ನು ತಪ್ಪದೇ ಹೇಳಲಿ. ಸೋತ ಕಥೆ ಶುರುವಾದರೆ “ಹಂಗಲ್ಲವ್ವ ಆಗಿದ್ದು” ಅಂತ ತಿದ್ದುವುದಕ್ಕಾದರೂ ಅವನು ಒಳಗೆ ಬರುತ್ತಾನೆ.

ಜಾತ್ರೆ ವಿಷಯಕ್ಕೆ ಇದೊಂದು. ವಿಜಯದಶಮಿ ದಿನ ಅರಮನೆಯಲ್ಲಿ ಜಂಬೂ ಸವಾರಿಗೆ ಮುಂಚೆ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದಲ್ಲ, ನೋಡಿದ್ದಾನಾ ಕೇಳಿ. ಬೋಳಿಸಿದ ತಲೆಯಲ್ಲಿ ಒಂದು ಹನಿ ರಕ್ತ ಕಂಡ ಕೂಡಲೇ ನಿಲ್ಲಿಸುತ್ತಾರೆ. ಇನ್ನೊಂದು ಗುದ್ದು ಅನ್ನುವ ಮಾತಿಲ್ಲ. ತಲೆತಲಾಂತರದಿಂದ ಅದನ್ನೇ ಮಾಡಿಕೊಂಡು ಬಂದ ಜಟ್ಟಿಗಳನ್ನು ಯಾರೂ ಹೇಡಿ ಅಂದಿಲ್ಲ. ಇವನ ರಕ್ತ ಆಗಲೇ ಬಿದ್ದಿದೆ.
— ಹಳೇ ಪೈಲ್ವಾನ, ನಜರ್‌ಬಾದ್, ಮೈಸೂರು

*

ಅಪ್ಪನಿಗೆ ಎಷ್ಟು ಸಾಲ ಆಗಿದೆ ಅಂತ ಬರೆದೇ ಇಲ್ಲವಲ್ಲ ನೀವು. ಎರಡು ವರ್ಷ ಏರಿ ಮೇಲೆ ಕೂತವನಿಗೆ ಮುದ್ದೆ ತೊಳಸಿ ಹಾಕುತ್ತಿರುವುದು ಯಾರು, ನೀವೇ ತಾನೆ? ಕೋಪ ಮಾಡಿಕೊಳ್ಳಬೇಡಿ. ಗದ್ದೆಗೆ ನೀರು ಕಟ್ಟುವುದಕ್ಕೆ ಒಂದು ಕಣ್ಣು ಸಾಕು. ಹೇಗೂ ನಾಲೆ ಹತ್ತಿರವೇ ಇರುತ್ತಾನೆ.
— ಗೃಹಿಣಿ, ಮದ್ದೂರು

*

2012ರಲ್ಲಿ ಲಂಡನ್ನಿನಲ್ಲಿ ಹೆಂಗಸರ ಬಾಕ್ಸಿಂಗ್ ಮೊದಲ ಸಲ ಒಲಿಂಪಿಕ್ಸ್ ಸೇರಿತು, ಮೇರಿ ಕೋಮ್ ಕಂಚು ತಂದರು. ಆ ವರ್ಷವೇ ನಾನು ಮೊದಲ ಸಲ ಕೈಗೆ ಬ್ಯಾಂಡೇಜ್ ಸುತ್ತಿದ್ದು. ಐದೇ ವರ್ಷ. ಬಲಗೈ ಮಣಿಕಟ್ಟಿನಲ್ಲಿ ಸ್ಕ್ಯಾಫಾಯ್ಡ್ ಎಂಬ ಗೋಡಂಬಿಯಷ್ಟು ಮೂಳೆ ಇದೆ. ರಕ್ತ ಹರಿಯುವುದು ಕಮ್ಮಿ, ಮುರಿದರೆ ಕೂಡಿಕೊಳ್ಳುವುದು ಕಷ್ಟ. ಉಳುಕು ಅಂದುಕೊಂಡು ನಾಲ್ಕು ತಿಂಗಳು ಅದರಲ್ಲೇ ಗುದ್ದಿದೆ. ಅಲ್ಲಿಗೆ ಮುಗಿಯಿತು.

ಈ ಅಂಕಣಕ್ಕೆ “ಕೋಚ್ ಆಗಲಿ” ಅಂತ ಹತ್ತು ಜನ ಬರೆದಿರುತ್ತಾರೆ. ನನಗೂ ಗ್ಲೌಸ್ ಬಿಚ್ಚಿದ ವಾರದಿಂದ ಅದನ್ನೇ ಹೇಳಿದರು, ಕೇಳಿದಾಗೆಲ್ಲ ಮೈ ಉರಿಯುತ್ತಿತ್ತು. ಊಟಕ್ಕೆ ಕೂತವನನ್ನು ಎಬ್ಬಿಸಿ ಬಡಿಸು ಅಂದ ಹಾಗೆ. ಆಮೇಲೆ ಒಂದು ಜಿಲ್ಲಾ ಮಟ್ಟದ ಪಂದ್ಯಕ್ಕೆ ಟೈಂಕೀಪರ್ ಬರಲಿಲ್ಲ ಅಂತ ನನ್ನನ್ನು ಗಂಟೆ ಹತ್ತಿರ ಕೂರಿಸಿದರು. ಮೂರು ನಿಮಿಷ, ಗಂಟೆ. ಒಂದು ನಿಮಿಷ ಬಿಡುವು, ಗಂಟೆ. ರಿಂಗ್ ನೋಡದೆ ಬರೀ ಗಡಿಯಾರದ ಮುಳ್ಳು ನೋಡುತ್ತಿದ್ದೆ. ಸಂಜೆ ಹೊತ್ತಿಗೆ ಒಬ್ಬ ಹುಡುಗ ಎಡಗೈ ಇಳಿಬಿಟ್ಟು ಪದೇ ಪದೇ ಒಂದೇ ಏಟು ತಿನ್ನುತ್ತಿದ್ದ. ತಡೆಯಲಾಗಲಿಲ್ಲ, “ಕೈ ಮೇಲೆ ಇಟ್ಕೊಳೋ!” ಅಂತ ಕೂಗಿಬಿಟ್ಟೆ. ಟೈಂಕೀಪರ್ ಕೂಗುವಂತಿಲ್ಲ, ರೆಫರಿ ಬೈದರು.

ನಾನು ದೈಹಿಕ ಶಿಕ್ಷಣದ ಬಿ.ಪಿ.ಎಡ್. ಸೇರಿದ್ದು ಅದಾದ ಮೇಲೆ. ಪಟಿಯಾಲದಲ್ಲಿ 1961ರಿಂದ ಕೋಚ್‌ಗಳನ್ನು ತಯಾರು ಮಾಡುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್ ಇದೆ, ಬಾಕ್ಸಿಂಗ್ ಕೋಚಿಂಗ್ ಡಿಪ್ಲೊಮಾವೂ ಇದೆ. ಅದೆಲ್ಲ ಎಲ್ಲೂ ಓಡಿಹೋಗುವುದಿಲ್ಲ. ಈಗ ಅವನಿಗೆ ಹೇಳಬೇಡಿ, ಅವನು ಕೇಳಿದಾಗ ಹೇಳಿ. ಬೇರೆಯವರು ಗುದ್ದಿ ಅಭ್ಯಾಸ ಮಾಡಲು ಕೈಯಲ್ಲಿ ಪ್ಯಾಡ್ ಹಿಡಿಯುವುದೂ ಸದ್ಯಕ್ಕೆ ಬೇಡ, ಜಾರಿದ ಗುದ್ದು ಮುಖಕ್ಕೇ ಬರುತ್ತದೆ.
— ದೈಹಿಕ ಶಿಕ್ಷಕಿ, ಶ್ರೀರಂಗಪಟ್ಟಣ

*

ನಂಗೆ ಬರಿಯಾಕೆ ಬರಾಕಿಲ್ಲ ಕಣವ್ವ, ಮಗಳ ಕೈಲಿ ಬರೆಸ್ತಿವ್ನಿ. ಆಲೆಮನೇಲಿ ಕೊಪ್ಪರಿಗೆ ಕೆಲಸ ನಂದು. ಒಂಬತ್ತು ವರ್ಸದ ಹಿಂದೆ ಕಬ್ಬಿನ ಗರಿ ಗೀರಿ, ಹುಣ್ಣಾಗಿ, ಒಂದು ಕಣ್ಣು ಹೋಯ್ತು. ಇಷ್ಟು ಜನ ಏನೇನೋ ಬರೆದಿರ್ತಾರೆ, ಇದನ್ನ ಯಾರೂ ಬರೆದಿರಾಕಿಲ್ಲ.

ಒಂದು ಕಣ್ಣು ಹೋದ್ರೆ ಕಾಣದು ಕಮ್ಮಿ ಆಯ್ತದೆ ಅಷ್ಟೇ ಅಲ್ಲ, ದೂರ ಎಷ್ಟು ಅನ್ನದೇ ತಿಳಿಯಾಕಿಲ್ಲ. ಲೋಟಕ್ಕೆ ನೀರು ಬಗ್ಗಿಸಿದ್ರೆ ಆಚೆ ಚೆಲ್ಲೋಯ್ತದೆ. ಕೈ ಕುಲುಕಕ್ಕೆ ಹೋದ್ರೆ ಗಾಳೀಲಿ ಕೈ. ಮೆಟ್ಟಿಲು ಇಳಿಯೋವಾಗ ಕೊನೇದು ಅದೆಯೋ ಇಲ್ವೋ ಗೊತ್ತಾಗಾಕಿಲ್ಲ. ಸುರೂನಲ್ಲಿ ನಾನು ನೆಂಟರ ಮನೆ ಬಿಟ್ಟೇಬಿಟ್ಟಿದ್ದೆ, ಎಲ್ಲಾರ ಮುಂದೆ ಕಾಪಿ ಚೆಲ್ತೀನಲ್ಲ ಅಂತ. ನಿಮ್ ತಮ್ಮಂದು ಎದುರಿಗಿದ್ದೋನ ಗಲ್ಲ ಎಷ್ಟು ದೂರ ಅದೆ ಅಂತ ಕೂದಲೆಳೆ ಲೆಕ್ಕದಲ್ಲಿ ತಿಳೀತಿದ್ದ ಕೈ. ಅದು ಈಗ ಲೋಟ ತಪ್ಪಿಸ್ತಾ ಅದೆ. ಊಟಕ್ಕೆ ಎಲ್ಲಾರ ಜೊತೆ ಕೂರ್ತಾನಾ ನೋಡಿ ನೀವು. ಕೂರ್ತಿರಾಕಿಲ್ಲ ಅನ್ಸುತ್ತೆ.

ನಾನೀಗ ಕೊಪ್ಪರಿಗೆಯಿಂದ ಕುದಿಯೋ ಪಾಕ ತೆಗೀತೀನಿ, ಒಂದು ತೊಟ್ಟು ಆಚೆ ಬೀಳಾಕಿಲ್ಲ. ಒಂದು ವರ್ಸ ಹಿಡೀತು. ಅವ್ನಿಗೆ ಹೇಳಿ, ಜಗ್ಗಿನ ಮೂತಿನ ಮೊದಲು ಲೋಟದ ಅಂಚಿಗೆ ತಾಗಿಸಲಿ, ಟಣ್ ಅಂತ ಸದ್ದು ಬರ್ಲಿ, ಆಮೇಲೆ ಬಗ್ಗಿಸಲಿ.
— ಆಲೆಮನೆ ಕೆಲಸಗಾರ, ಮಂಡ್ಯ