ಕಾರ್ತಿಕದ ಕೊನೆಯಿಂದ ಸಂಕ್ರಾಂತಿವರೆಗೆ ಬೆಂಗಳೂರಲ್ಲಿ: ಪರಿಷೆ, ಅವರೆಕಾಯಿ, ನಂದಿ ಕಡೆಯ ದ್ರಾಕ್ಷಿತೋಟ

ಸಾಧನಕೇರಿ ಕೇಳಿದ್ದು:

ನಮಸ್ಕಾರ. ಅಪ್ಪ-ಅವ್ವ ಧಾರವಾಡದಿಂದ ಬಂದು ಕಾರ್ತಿಕದ ಕೊನೆಯಿಂದ ಸಂಕ್ರಾಂತಿವರೆಗೂ ಬೆಂಗಳೂರಲ್ಲೇ ಇರ್ತಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ, ಅಪ್ಪಗ ಮಂಡಿನೋವು. ಈ ಸೀಸನ್ನಿನಲ್ಲಿ ಇಲ್ಲಿ ಏನೇನು ಸಿಗುತ್ತೋ ಅದನ್ನೆಲ್ಲ ಸರಿಯಾಗಿ ತೋರಿಸಬೇಕು, ತಿನ್ನಿಸಬೇಕು. ಕಡಲೆಕಾಯಿ ಪರಿಷೆಗೆ ಯಾವ ದಿನ, ಎಷ್ಟು ಹೊತ್ತಿಗೆ ಹೋದರೆ ವಯಸ್ಸಾದವರಿಗೆ ಅನುಕೂಲ? ಅವರೆಕಾಯಿ ಯಾವಾಗ ಚೆನ್ನಾಗಿರುತ್ತೆ, ನೋಡಿ ಆರಿಸೋದು ಹೇಗೆ? ಹಿತಕಿದ ಬೇಳೆ (ಸಿಪ್ಪೆ ತೆಗೆದ ಅವರೆಕಾಳು) ಸಾರಿನಲ್ಲಿ ಬೇಳೆ ಕರಗಿ ಮುದ್ದೆಯಾಗುತ್ತೆ ಅಂತಾರೆ, ಅದಕ್ಕೆ ಕಾರಣ ಏನು? ಇನ್ನೊಂದು, ತಮ್ಮ ಮತ್ತು ಅವನ ಹೆಂಡತಿಗೆ ನಂದಿ ಕಡೆ ವೈನ್ ತೋಟ ನೋಡುವ ಆಸೆ. ಅದನ್ನೂ ಅಪ್ಪ-ಅವ್ವನ್ನೂ ಒಂದೇ ದಿನದಲ್ಲಿ ಹೊಂದಿಸಬಹುದಾ?

ಬುಲ್‌ಟೆಂಪಲ್ ರೋಡ್:

ಪರಿಷೆ ಬಗ್ಗೆ ಹೇಳ್ತೀನಿ. ಮೊದಲು ದಿನಾಂಕ. ಪರಿಷೆ, ಅಂದರೆ ಬಸವನಗುಡಿಯ ಕಡಲೆಕಾಯಿ ಜಾತ್ರೆ, ಕಾರ್ತಿಕದ ಕಡೇ ಸೋಮವಾರ. ನಮ್ಮ ಪಂಚಾಂಗದಲ್ಲಿ ತಿಂಗಳು ಮುಗಿಯೋದು ಅಮಾವಾಸ್ಯೆಗೆ. ಉತ್ತರದ ಪದ್ಧತಿಯ ಆ್ಯಪ್ ನೋಡಿದರೆ ಹುಣ್ಣಿಮೆಗೇ ಕಾರ್ತಿಕ ಮುಗಿದುಹೋಗಿರುತ್ತೆ, ಲೆಕ್ಕ ಎರಡು ವಾರ ತಪ್ಪುತ್ತೆ. ಗೋಡೆಗೆ ತೂಗುಹಾಕುವ ಕನ್ನಡ ಕ್ಯಾಲೆಂಡರೇ ಸಾಕು.

ಅಂಗಡಿಗಳು ಮಾತ್ರ ಸೋಮವಾರಕ್ಕೆ ಕಾಯಲ್ಲ. ಹಿಂದಿನ ಶುಕ್ರವಾರ, ಶನಿವಾರದಿಂದಲೇ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ರಾಶಿ ಬಿದ್ದಿರುತ್ತೆ. ವಯಸ್ಸಾದವರನ್ನು ಶನಿವಾರ ಬೆಳಿಗ್ಗೆ ಎಂಟರೊಳಗೆ ಕರೆದುಕೊಂಡು ಹೋಗಿ. ಭಾನುವಾರ ಸಂಜೆ ಮತ್ತು ಸೋಮವಾರ ಪೂರ್ತಿ ನಿಲ್ಲೋಕೂ ಜಾಗ ಇರಲ್ಲ, ಕೂರುವ ಮಾತಂತೂ ದೂರ. ಕಾರು ತರಲೇಬೇಡಿ, ರಸ್ತೆ ಮುಚ್ಚಿರ್ತಾರೆ. ಹಸಿರು ಲೈನಿನ ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ಆಟೋ ಹಿಡಿದು, ಬ್ಯಾರಿಕೇಡ್ ಎಲ್ಲಿದೆಯೋ ಅಲ್ಲಿವರೆಗೆ ಹೋಗಿ. ದೊಡ್ಡಗಣಪತಿ ಕೆಳಗಿದೆ, ಅಪ್ಪಾಜಿಗೆ ಕಷ್ಟ ಆಗಲ್ಲ. ಬಸವಣ್ಣನ ಗುಡಿಗೆ ಮೆಟ್ಟಿಲು ಹತ್ತಬೇಕು, ಮಂಡಿನೋವಿದ್ದರೆ ಒತ್ತಾಯ ಮಾಡಬೇಡಿ.

ಇದು ಬರೀ ವ್ಯಾಪಾರದ ಜಾತ್ರೆ ಅಲ್ಲ ಅನ್ನೋದನ್ನ ಅವರಿಗೆ ಹೇಳಿ. ಇಲ್ಲಿ ಮುಂಚೆ ಸುಂಕೇನಹಳ್ಳಿ ಅಂತ ಊರಿತ್ತು. ಹೊಲದ ಕಡಲೆಕಾಯನ್ನು ಬಸವ ತಿಂದುಹೋಗ್ತಿದ್ದ, ಅವನನ್ನು ಒಲಿಸಿಕೊಳ್ಳೋಕೆ ರೈತರು ಮೊದಲ ಫಸಲನ್ನು ಅರ್ಪಿಸೋಕೆ ಶುರುಮಾಡಿದರು ಅನ್ನೋದು ಐತಿಹ್ಯ. ವೃಷಭಾವತಿ ಹುಟ್ಟೋದು ಈ ಬಸವನ ಪಾದದಲ್ಲಿ ಅಂತ ಇವತ್ತಿಗೂ ನಂಬಿಕೆ ಇದೆ.

ಕೊಳ್ಳುವಾಗ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗಲಗಲ ಅಂದರೆ ಒಣಗಿದ ಕಾಯಿ, ಸದ್ದಿಲ್ಲದೆ ಭಾರವಾಗಿದ್ದರೆ ಹಸಿಕಾಯಿ, ಸದ್ದೂ ಇಲ್ಲ ಭಾರವೂ ಇಲ್ಲ ಅಂದರೆ ಜೊಳ್ಳು. ಸೇರು ಡಬ್ಬಿಯಲ್ಲಿ ಅಳೆದು ಕೊಡೋದು ಜಾಸ್ತಿ. ಡಬ್ಬಿಯ ತಳ ನೋಡಿಯೇ ಅಳೆಸಿಕೊಳ್ಳಿ, ತಳ ಒಳಕ್ಕೆ ಉಬ್ಬಿರುವ ಡಬ್ಬಿಗಳೂ ಇರ್ತವೆ. ಬಟ್ಟೆ ಚೀಲ ಒಯ್ಯಿರಿ. ಹಸಿಕಾಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಮಾರನೇ ದಿನವೇ ಬೆವರಿ ಬೂಷ್ಟು ಹಿಡಿಯುತ್ತೆ. ಬೂಷ್ಟು ಬಂದ, ಕಹಿಯಾದ ಬೀಜ ತೊಳೆದು ತಿನ್ನೋದಲ್ಲ, ಎಸೆಯೋದು. ಅದರಲ್ಲಿರುವ ವಿಷ ಬೇಯಿಸಿದರೂ ಹುರಿದರೂ ಪೂರ್ತಿ ಹೋಗಲ್ಲ.

ಬೇಯಿಸೋದಕ್ಕೆ: ಒಂದು ಕೆಜಿ ಹಸಿಕಾಯಿ ಮಣ್ಣು ಹೋಗುವ ತನಕ ನಾಲ್ಕೈದು ಸಲ ತೊಳೆದು, ಮುಳುಗುವಷ್ಟು ನೀರು, ಮೂರು ದೊಡ್ಡ ಚಮಚ ಕಲ್ಲುಪ್ಪು, ಕುಕ್ಕರಿನಲ್ಲಿ ಮೂರರಿಂದ ನಾಲ್ಕು ವಿಷಲ್. ಬೆಂದ ತಕ್ಷಣ ಬಸಿಯಬೇಡಿ. ಉಪ್ಪು ಬೀಜಕ್ಕೆ ಇಳಿಯೋದು ಆರುವಾಗಲೇ, ಅದೇ ನೀರಿನಲ್ಲಿ ಅರ್ಧ ಗಂಟೆ ಬಿಡಿ.

ಸೊಗಡು:

ಅವರೆಕಾಯಿ ನನ್ನ ಪಾಲಿಗೆ ಬಿಡಿ. ಮಾರುಕಟ್ಟೆಯಲ್ಲಿ ವರ್ಷಪೂರ್ತಿ ಅವರೆಕಾಯಿ ಕಾಣುತ್ತೆ, ಅದನ್ನು ನೋಡಿ ಮೋಸಹೋಗಬೇಡಿ. ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು (ಎಚ್‌ಎ-3, ಎಚ್‌ಎ-4) ಹಗಲಿನ ಉದ್ದಕ್ಕೆ ಕಾಯದೆ ಯಾವ ಕಾಲದಲ್ಲಾದರೂ ಹೂ ಬಿಡ್ತವೆ. ರೈತರಿಗೆ ಅದು ದೊಡ್ಡ ಅನುಕೂಲ, ಆ ತಳಿಗಳನ್ನು ಹಳಿಯೋದು ತಪ್ಪು. ಆದರೆ ಹಳೇ ನಾಟಿ ಅವರೆ ಹಗಲು ಚಿಕ್ಕದಾದ ಮೇಲೇ ಹೂ ಬಿಡೋದು. ಕಾಯಿ ಬಲಿಯೋದು ಚಳಿ, ಮಂಜು ಬೀಳುವ ಡಿಸೆಂಬರ್–ಜನವರಿಯಲ್ಲಿ. ಸೊಗಡು ಇರೋದು ಅದರಲ್ಲಿ. ನಿಮಗೆ ಬೇಕಾದ್ದು ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗಿನ ಕಾಯಿ. ನವೆಂಬರಿನಲ್ಲೇ ಆತುರಪಡಬೇಡಿ.

ಆರಿಸೋದು ಕಣ್ಣಿನಿಂದಲ್ಲ, ಕೈಯಿಂದ. ರಾಶಿಯೊಳಗೆ ಕೈ ಆಡಿಸಿ ಬೆರಳು ಮೂಸಿ ನೋಡಿ. ಸೊಗಡಿನ ಕಾಯಾದರೆ ಬೆರಳಿಗೆ ಎಣ್ಣೆಯಂಥ ಅಂಟು ಹತ್ತುತ್ತೆ, ಸೋಪು ಹಾಕಿದರೂ ವಾಸನೆ ಬೇಗ ಬಿಡಲ್ಲ. ಕಾಳು ಉಬ್ಬಿ ಸಿಪ್ಪೆಯ ಮೇಲೆ ಗಂಟು ಗಂಟಾಗಿ ಕಾಣಬೇಕು. ಸಿಪ್ಪೆ ಹಳದಿಯಾಗಿದ್ದರೆ ಬಲಿತುಹೋಗಿದೆ, ಚಪ್ಪಟೆಯಿದ್ದರೆ ಎಳಸು. ಸಣ್ಣ ತೂತು, ಸುತ್ತ ಕಪ್ಪು ಇದ್ದರೆ ಒಳಗೆ ಹುಳ. ತೂಕ ಬರಲಿ, ಹೊಳೆಯಲಿ ಅಂತ ನೀರು ಚಿಮುಕಿಸಿದ ರಾಶಿ ಬೇಡ, ಮನೆಗೆ ಬಂದು ಒಂದು ರಾತ್ರಿಯಲ್ಲಿ ಕಪ್ಪಾಗುತ್ತೆ. ಗಾಂಧಿ ಬಜಾರಿನಲ್ಲಿ ಬೆಳಿಗ್ಗೆ ಏಳು–ಎಂಟಕ್ಕೆ ಹೋಗಿ. ಮಾಗಡಿ ರಸ್ತೆಯ ಕಡೆ ಓಡಾಟ ಇದ್ದರೆ ದಾರಿಬದಿಯಲ್ಲೂ ಒಳ್ಳೇ ಕಾಯಿ ಸಿಗುತ್ತೆ. ಸುಲಿದರೆ ತೂಕದಲ್ಲಿ ಅರ್ಧಕ್ಕಿಂತ ಕಡಿಮೆಯೇ ಕಾಳು ಉಳಿಯೋದು. ಐದು ಜನರ ಸಾರಿಗೆ ಎರಡು ಕೆಜಿ ಕಾಯಿ ಬೇಕು.

ಈಗ ಹಿತಕೋದು. ಸುಲಿದ ಕಾಳಲ್ಲಿ ತೀರಾ ಎಳೆಯದನ್ನು ಬೇರೆ ಇಡಿ, ಅದು ಉಪ್ಪಿಟ್ಟಿಗೆ ಒಳ್ಳೇದು. ಹಿತಕಿದರೆ ಬೇಳೆ ಬಾರದೆ ಕಾಳೇ ಅಪ್ಪಚ್ಚಿಯಾಗುತ್ತೆ. ಬಲಿತ ಕಾಳನ್ನು ತಣ್ಣೀರಿನಲ್ಲಿ ಐದಾರು ಗಂಟೆ ನೆನೆಸಿ. ರಾತ್ರಿ ನೆನೆಸೋದಾದರೆ ಮಲಗುವ ಮುಂಚೆ ಒಂದು ಸಲ ನೀರು ಬದಲಿಸಿ, ಇಲ್ಲದಿದ್ದರೆ ಬೆಳಿಗ್ಗೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತೆ. ಹೆಬ್ಬೆರಳು, ತೋರುಬೆರಳ ನಡುವೆ ಒಂದು ತುದಿ ಹಿಡಿದು ಒತ್ತಿದರೆ ಬೇಳೆ ಇನ್ನೊಂದು ತುದಿಯಿಂದ ಚಿಮ್ಮಿ ಬರಬೇಕು. ಎರಡು ಕೈಯ ಒತ್ತಡ ಬೇಕಾದರೆ ಇನ್ನೂ ನೆನೆದಿಲ್ಲ ಅಂತಲೇ. ಹಿತಕಿದ ಬೇಳೆ ನೀರಿನಲ್ಲಿ ಬೀಳಲಿ, ಗಾಳಿಗೆ ಬಿಟ್ಟರೆ ಬಣ್ಣ ಕಂದುತ್ತೆ. ಅವ್ವನಿಗೆ ಈ ಕೆಲಸ ಖಂಡಿತ ಇಷ್ಟವಾಗುತ್ತೆ. ಕೂತು ಮಾಡುವಂಥದ್ದು, ಮಾತಾಡಿಕೊಂಡು ಮಾಡುವಂಥದ್ದು.

ಬೇಳೆ ಕರಗೋದಕ್ಕೆ ಕಾರಣ ಕುಕ್ಕರ್. ಸಿಪ್ಪೆ ಹೋದ ಬೇಳೆಗೆ ತಡೆ ಏನೂ ಇರಲ್ಲ, ಎರಡು ವಿಷಲಿಗೆ ಹಿಟ್ಟಾಗುತ್ತೆ. ತೆರೆದ ಪಾತ್ರೆಯಲ್ಲಿ ಕುದಿಯುವ ನೀರಿಗೆ ಹಾಕಿ, ಉರಿ ಇಳಿಸಿ, ಹತ್ತು–ಹನ್ನೆರಡು ನಿಮಿಷ ಸಾಕು. ಬೆರಳಲ್ಲಿ ಒತ್ತಿದರೆ ನಲುಗಬೇಕು, ಸೌಟಿಗೆ ಮುರಿಯಬಾರದು. ಟೊಮೆಟೊ, ಹುಣಸೆ ಮೊದಲೇ ಹಾಕಿದರೆ ಉಲ್ಟಾ, ಬೇಳೆ ಬೇಯೋದೇ ಇಲ್ಲ. ಹುಳಿ ಯಾವಾಗಲೂ ಬೆಂದ ಮೇಲೆ.

ಮಸಾಲೆಗೆ, ಎರಡು ಲೋಟ ಬೇಳೆ ಲೆಕ್ಕದಲ್ಲಿ: ಅರ್ಧ ಹೋಳು ತೆಂಗಿನ ತುರಿ, ಹುರಿದ ಒಂದು ಈರುಳ್ಳಿ, ಬೆಳ್ಳುಳ್ಳಿ ಎಂಟು ಎಸಳು, ಅರ್ಧ ಇಂಚು ಶುಂಠಿ, ಒಂದು ಚಿಕ್ಕ ಚಕ್ಕೆ, ಎರಡು ಲವಂಗ, ಒಂದು ಚಮಚ ಗಸಗಸೆ, ಎರಡು ಚಮಚ ಧನಿಯ ಪುಡಿ, ಖಾರಕ್ಕೆ ತಕ್ಕ ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಚಕ್ಕೆ ಲವಂಗ ಇದಕ್ಕಿಂತ ಜಾಸ್ತಿ ಹಾಕಿದರೆ ಸೊಗಡು ಸತ್ತುಹೋಗುತ್ತೆ, ಆಮೇಲೆ ಬಟಾಣಿ ಹಾಕಿದ್ದರೂ ಒಂದೇ. ಮಸಾಲೆಯನ್ನು ಎಣ್ಣೆಯಲ್ಲಿ ಹಸಿವಾಸನೆ ಹೋಗುವಂತೆ ಬಾಡಿಸಿ, ಆಮೇಲೆ ಬೇಳೆಯನ್ನು ಬೆಂದ ನೀರಿನ ಸಮೇತ ಸೇರಿಸಿ. ಆ ನೀರು ಚೆಲ್ಲಬಾರದು.

ಮಾಗಡಿಯವ:

ಮೇಲಿನದಕ್ಕೆ ಒಂದು ಸೇರ್ಪಡೆ. ಬೇಗ ಬೇಯಲಿ ಅಂತ ಅಡುಗೆ ಸೋಡಾ ಹಾಕುವವರಿದ್ದಾರೆ. ಹಾಕಬೇಡಿ, ಬೇಳೆ ಲೋಳೆಯಾಗುತ್ತೆ. ಮತ್ತೆ ವಯಸ್ಸಾದವರಿಗೆ ರಾತ್ರಿ ಊಟಕ್ಕೆ ಅವರೆ ಬೇಡ, ಹೊಟ್ಟೆ ಉಬ್ಬರಿಸುತ್ತೆ. ಮಧ್ಯಾಹ್ನ ರಾಗಿಮುದ್ದೆ ಜೊತೆ ಬಡಿಸಿ. ಮಾಡೋಕೆ ಪುರುಸೊತ್ತಿಲ್ಲದಿದ್ದರೆ ಡಿಸೆಂಬರ್ ಕೊನೆ, ಜನವರಿ ಮೊದಲ ವಾರಗಳಲ್ಲಿ ನಡೆಯುವ ಅವರೆಬೇಳೆ ಮೇಳ ಇದೆ. ಮುಂಚೆ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ನಡೀತಿತ್ತು, ಈಚಿನ ವರ್ಷಗಳಲ್ಲಿ ನ್ಯಾಷನಲ್ ಕಾಲೇಜ್ ಮೈದಾನದಲ್ಲಿ. ಅವರೆಬೇಳೆ ದೋಸೆ, ಹೋಳಿಗೆ, ಜಿಲೇಬಿ ಎಲ್ಲ ಸಿಗುತ್ತೆ. ಜಿಲೇಬಿ ಕುತೂಹಲಕ್ಕೆ ಒಂದು ಸಾಕು, ದೋಸೆ ಬಿಡಬೇಡಿ. ವಾರದ ದಿನ ಸಂಜೆ ಐದರೊಳಗೆ ಹೋಗಿ.

ನಂದಿ ತಪ್ಪಲು:

ಒಂದೇ ದಿನ ಹೊಂದಿಸಬಹುದು, ಆದರೆ ಬೆಟ್ಟದ ತುದಿ ಬಿಡಬೇಕು. ಸೂರ್ಯೋದಯಕ್ಕೆ ಅಂತ ಶನಿವಾರ, ಭಾನುವಾರ ಬೆಟ್ಟಕ್ಕೆ ಹೊರಟರೆ ಸೂರ್ಯ ಹುಟ್ಟುವ ಹೊತ್ತಿಗೆ ನೀವಿನ್ನೂ ತಿರುವಿನಲ್ಲಿ ವಾಹನದ ಸಾಲಲ್ಲಿರ್ತೀರಿ. ಬೆಟ್ಟ 1,478 ಮೀಟರ್, ಮೇಲೆ ಚಳಿಗಾಳಿಯೂ ಇರುತ್ತೆ, ಅದು ಮಂಡಿನೋವಿಗೆ ಆಗಿಬರಲ್ಲ.

ಬದಲಿಗೆ ವಾರದ ದಿನ ಬೆಳಿಗ್ಗೆ ಏಳಕ್ಕೆ ಹೊರಟು ನೇರ ನಂದಿ ಗ್ರಾಮದ ಭೋಗನಂದೀಶ್ವರಕ್ಕೆ ಹೋಗಿ. ಸಮತಟ್ಟು ಜಾಗ, ದೊಡ್ಡ ಅಂಗಳ, ಗುಡಿಯ ಮೂಲ ಒಂಬತ್ತನೇ ಶತಮಾನದಷ್ಟು ಹಳೆಯದು. ಎರಡು ಗರ್ಭಗುಡಿಗಳ ನಡುವಿನ ಕಲ್ಯಾಣಮಂಟಪದ ಕಂಬಗಳನ್ನು ಹತ್ತಿರ ನಿಂತು ನೋಡಿ. ಕರಿಕಲ್ಲಿನಲ್ಲಿ ಬಳ್ಳಿ, ಗಿಣಿಗಳನ್ನು ಅಷ್ಟು ಸಣ್ಣದಾಗಿ ಬಿಡಿಸಿದ್ದಾರೆ. ಒಳಗಿನ ಕಲ್ಯಾಣಿಯ ಸುತ್ತ ನೆರಳಲ್ಲಿ ಕೂರಬಹುದು. ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ, ಬುತ್ತಿ ಒಳಗೆ ಬಿಚ್ಚಬೇಡಿ.

ಅಲ್ಲಿಂದ ದೇವನಹಳ್ಳಿ–ದೊಡ್ಡಬಳ್ಳಾಪುರ ರಸ್ತೆಯ ರಘುನಾಥಪುರದಲ್ಲಿ ಗ್ರೋವರ್ ದ್ರಾಕ್ಷಿತೋಟ ಇದೆ. ಹಿಂದಿನ ದಿನವಾದರೂ ಫೋನ್ ಮಾಡಿ ಜಾಗ ಕಾಯ್ದಿರಿಸಿ, ಹಾಗೇ ಹೋದರೆ ಗೇಟಿನಿಂದಲೇ ವಾಪಸ್ ಬರಬೇಕಾಗಬಹುದು. ತೋಟ, ಟ್ಯಾಂಕು, ಓಕ್ ಪೀಪಾಯಿಯ ಕೋಣೆ ತೋರಿಸಿ ಕೊನೆಗೆ ರುಚಿ ನೋಡಿಸ್ತಾರೆ. ಅಪ್ಪ-ಅವ್ವ ಕುಡಿಯದಿದ್ದರೂ ತೋಟ ನೋಡೋಕೆ ಅಡ್ಡಿಯಿಲ್ಲ, ಮೊದಲೇ ಹೇಳಿರಿ. ರುಚಿ ನೋಡೋದು 21 ದಾಟಿದವರು ಮಾತ್ರ, ಗಾಡಿ ಓಡಿಸುವವರು ಒಂದು ಗುಟುಕೂ ಬೇಡ. ಬೆಟ್ಟದ ಕಡೆ ಬಾಟಲಿ ಒಯ್ಯೋದಂತೂ ಬೇಡವೇ ಬೇಡ, ತಪಾಸಣೆ ಇರುತ್ತೆ.

ಒಂದು ವಿಷಯ ಮೊದಲೇ ತಿಳಿದಿರಲಿ. ನೀವು ಬರುವಾಗ ಗೊಂಚಲು ಹಣ್ಣಾಗಿರಲ್ಲ. ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಬಳ್ಳಿ ಕತ್ತರಿಸೋದು. ಬೇಸಿಗೆಯಲ್ಲಿ ಒಮ್ಮೆ ರೆಂಬೆಗಾಗಿ, ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಹಣ್ಣಿಗಾಗಿ. ಹಾಗಾಗಿ ಡಿಸೆಂಬರಿನಲ್ಲಿ ನೋಡಸಿಗೋದು ಹಸಿರು ಕಾಯಿ, ವೈನ್ ದ್ರಾಕ್ಷಿಯ ಕೊಯ್ಲಿನ ಭರಾಟೆ ಫೆಬ್ರವರಿ–ಮಾರ್ಚಿನಲ್ಲಿ. ತಮ್ಮನಿಗೆ ಕೊಯ್ಲು, ಹಣ್ಣು ಹಿಂಡೋದೇ ನೋಡಬೇಕು ಅಂದರೆ ಅವರಿಬ್ಬರೂ ಆಗ ಇನ್ನೊಂದು ಸಲ ಹೋಗಲಿ. ದಾರಿಯಲ್ಲಿ ಕಪ್ಪು ದ್ರಾಕ್ಷಿ ಮಾರುತ್ತಿದ್ದರೆ ತಗೊಳ್ಳಿ. ಅದು ಬೆಂಗಳೂರು ಬ್ಲೂ, ಈ ಸೀಮೆಯದ್ದೇ, ಭೌಗೋಳಿಕ ಗುರುತು ಪಡೆದದ್ದು. ಸಿಪ್ಪೆ ದಪ್ಪ, ಬೀಜ ಇರುತ್ತೆ, ಘಮ ಮಾತ್ರ ಬೇರೆ ಯಾವ ದ್ರಾಕ್ಷಿಗೂ ಇಲ್ಲ.

ಸಾಧನಕೇರಿ:

ಎಲ್ಲರಿಗೂ ಭಾಳ ಧನ್ಯವಾದ. ಇನ್ನೆರಡು ಕೇಳ್ತೀನಿ. ತೋಟದಿಂದ ತಂದ ವೈನ್ ಜೊತೆ ಮನೆಯಲ್ಲಿ ಕರಿದ ಅವರೆಬೇಳೆ ಮಾಡಿದರೆ ಹೊಂದುತ್ತಾ? ಮತ್ತೆ ಪರಿಷೆಯ ಶೇಂಗಾ ಎಳ್ಳು-ಬೆಲ್ಲಕ್ಕೆ ಬಳಸಬಹುದಾ?

ನಂದಿ ತಪ್ಪಲು:

ಚೆನ್ನಾಗಿ ಹೊಂದುತ್ತೆ, ಬಿಳಿ ವೈನ್ ಆದರೆ. ಶೆನಿನ್ ಬ್ಲಾಂಕ್ ಅಥವಾ ಸೋವಿನ್ಯೋ ಬ್ಲಾಂಕ್ ತಗೊಂಡು ಫ್ರಿಜ್ಜಿನಲ್ಲಿ ಮೂರು ಗಂಟೆ ಇಟ್ಟು ತೆಗೆಯಿರಿ. ಅದರ ಹುಳಿ ಕರಿದ ಎಣ್ಣೆಯ ಜಿಡ್ಡನ್ನು ಕತ್ತರಿಸುತ್ತೆ. ಕೆಂಪು ವೈನಿನ ಒಗರು ಮೆಣಸಿನ ಪುಡಿ ಜೊತೆ ಸೇರಿದರೆ ಖಾರ ಇಮ್ಮಡಿಯಾಗಿ ನಾಲಿಗೆ ಒಣಗಿಸುತ್ತೆ. ಸಾರಿನ ಜೊತೆ ಯಾವ ವೈನೂ ಬೇಡ ಅನ್ನೋದು ನನ್ನ ಅಭಿಪ್ರಾಯ.

ಸೊಗಡು:

ಕರಿಯುವಾಗ ಜೋಪಾನ. ಹಿತಕಿದ ಬೇಳೆಯನ್ನು ಬಟ್ಟೆಯ ಮೇಲೆ ಹರವಿ ಫ್ಯಾನಿನ ಕೆಳಗೆ ಒಂದೂವರೆ ಗಂಟೆ ಬಿಡಿ. ಮೇಲಿನ ನೀರಷ್ಟೇ ಆರಬೇಕು. ಪೂರ್ತಿ ಒಣಗಿಸಿದರೆ ಕಲ್ಲಾಗುತ್ತೆ. ಬಾಣಲೆಯಲ್ಲಿ ಎಣ್ಣೆ ಅರ್ಧಕ್ಕಿಂತ ಕೆಳಗಿರಲಿ, ಬೇಳೆ ಬಿದ್ದೊಡನೆ ನೊರೆ ಏರಿ ಉಕ್ಕುತ್ತೆ. ಒಂದು ಸಲಕ್ಕೆ ಒಂದೇ ಹಿಡಿ, ಉರಿ ಮಧ್ಯಮಕ್ಕಿಂತ ತುಸು ಜಾಸ್ತಿ. ನೊರೆ ಇಳಿದು ಸದ್ದು ನಿಂತಾಗ ತೆಗೆಯಿರಿ. ಬಣ್ಣ ನೋಡಿ ತೆಗೆದರೆ ಒಳಗೆ ಹಸಿ ಉಳಿದು ಮಾರನೇ ದಿನ ಮೆತ್ತಗಾಗುತ್ತೆ. ಬಿಸಿಯಿರುವಾಗಲೇ ಉಪ್ಪು, ಮೆಣಸಿನ ಪುಡಿ, ಇಂಗು, ಕರಿದ ಕರಿಬೇವು ಬೆರೆಸಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ.

ಬುಲ್‌ಟೆಂಪಲ್ ರೋಡ್:

ಬಳಸಬಹುದು, ಹಸಿಕಾಯಿ ಅಲ್ಲ, ಗಲಗಲ ಅನ್ನುವ ಒಣಕಾಯಿ ಇದ್ದರೆ. ಮನೆಯಲ್ಲಿ ಮತ್ತೆ ಎರಡು ಮೂರು ದಿನ ಬಿಸಿಲಿಗೆ ಹಾಕಿ, ಸುಲಿದು, ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ಕೇರಿ. ಅಳತೆ: ಕೊಬ್ಬರಿ, ಬೆಲ್ಲ, ಕಡಲೆಬೀಜ, ಹುರಿಗಡಲೆ ತಲಾ ಕಾಲು ಕೆಜಿ, ಬಿಳಿ ಎಳ್ಳು ನೂರು ಗ್ರಾಂ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿ. ಅಚ್ಚುಬೆಲ್ಲವನ್ನು ಅಡಿಕೆ ಕತ್ತರಿಯಲ್ಲಿ ಚೂರು ಮಾಡಿ, ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿ ಬಿಸಿಲಿಗಿಡಿ. ಬೆಲ್ಲ ಬೆವರಿದರೆ ಎಳ್ಳೆಲ್ಲ ಅದಕ್ಕೇ ಅಂಟಿ ಉಂಡೆಯಾಗುತ್ತೆ. ಅದಕ್ಕೇ ಎಲ್ಲವನ್ನೂ ಹಬ್ಬದ ಹಿಂದಿನ ದಿನ ಬೆರೆಸೋದು, ವಾರದ ಮುಂಚೆ ಅಲ್ಲ. ಎಳ್ಳು ಚಟಪಟ ಅನ್ನೋಕೆ ಶುರುವಾದೊಡನೆ ಒಲೆಯಿಂದ ಇಳಿಸಿ ಬೇರೆ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಕಹಿಯಾಗುತ್ತೆ.