ಹಲಸಿನ ಹಲಗೆ ಇದೆ, ಚೆನ್ನೆಮಣೆ ಮಾಡಬೇಕು: ಎಲ್ಲಿಂದ ಶುರು ಮಾಡಲಿ?

ಕೇಳಿದ್ದು, ಕಾಸರಗೋಡಿನ ಮುಳ್ಳೇರಿಯದಿಂದ

ಎಲ್ಲರಿಗೂ ನಮಸ್ಕಾರ. ಕಳೆದ ಮಳೆಗಾಲದಲ್ಲಿ ನಮ್ಮ ಹಿತ್ತಿಲಿನ ಹಲಸಿನ ಮರ ಗಾಳಿಗೆ ಬಿತ್ತು. ಅಜ್ಜ ನೆಟ್ಟ ಮರ. ಮಾರಲು ಮನಸ್ಸಾಗಲಿಲ್ಲ. ಮಿಲ್ಲಿನಲ್ಲಿ ಎರಡು ಇಂಚು ದಪ್ಪದ ಹಲಗೆ ಮಾಡಿಸಿ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ಮಗಳಿಗೆ 8 ವರ್ಷ. ಬರುವ ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಅವಳಿಗೊಂದು ಚೆನ್ನೆಮಣೆ, ಗುಳಿಗಳಿಗೆ ಕಾಯಿ ಹಾಕಿ ಆಡುವ ಮಣೆ, ನಾನೇ ಮಾಡಿಕೊಡಬೇಕು ಎಂಬ ಆಸೆ. ಗೋಡೆಗೆ ಮೊಳೆ ಹೊಡೆದದ್ದು ಬಿಟ್ಟರೆ ಮರದ ಕೆಲಸ ನನಗೆ ಗೊತ್ತಿಲ್ಲ. ಕರೆಂಟಿನ ಮೆಷಿನ್ ಬೇಡ, ಕೈಯಲ್ಲೇ ಮಾಡಬೇಕು. ಯಾವ ಹತ್ಯಾರು ತೆಗೆದುಕೊಳ್ಳಲಿ? ಯಾರ ಹತ್ತಿರ ಕಲಿಯಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಬದಿಯಡ್ಕದಿಂದ

ಹತ್ಯಾರಿಗಿಂತ ಮೊದಲು ಮಸೆಯುವ ಕಲ್ಲು ತೆಗೆದುಕೊಳ್ಳಿ. ನಾನು 11 ವರ್ಷದಿಂದ ರಜೆಯ ದಿನಗಳಲ್ಲಿ ಮರದ ಕೆಲಸ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ಮೊಂಡು ಉಳಿಯಲ್ಲೇ ಕಳೆದುಹೋಯಿತು. ಅದು ಮೊಂಡು ಎಂದೇ ಗೊತ್ತಿರಲಿಲ್ಲ. ಅಂಗಡಿಯಿಂದ ತಂದ ಹೊಸ ಉಳಿ ಅಲ್ವಾ, ಹರಿತ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಮರ ಚಿಂದಿಯಾಗುತ್ತಿತ್ತು, ಮಣಿಕಟ್ಟು ನೋಯುತ್ತಿತ್ತು. ಈ ಕೆಲಸ ನನಗೆ ಬರುವಂಥದ್ದಲ್ಲ ಎಂದು ಬೇಸರ.

ಒಮ್ಮೆ ಬಾಗಿಲು ಸರಿಮಾಡಲು ಬಂದ ಆಚಾರಿ ನನ್ನ ಉಳಿಯನ್ನು ತಮ್ಮ ಹೆಬ್ಬೆರಳಿನ ಉಗುರಿನ ಮೇಲೆ ಓರೆಯಾಗಿ ಇಟ್ಟರು. ಅದು ಜಾರಿತು. ತಮ್ಮ ಉಳಿಯನ್ನು ಹಾಗೇ ಇಟ್ಟರು. ಅದು ಉಗುರಿಗೆ ಕಚ್ಚಿ ನಿಂತಿತು. "ನಿಮ್ಮದು ಇನ್ನೂ ಉಳಿ ಆಗಿಲ್ಲ" ಎಂದರು. ಅಂಗಡಿಯಲ್ಲಿ ಸಿಗುವುದು ಅರ್ಧ ಕೆಲಸ ಮುಗಿದ ಉಳಿ. ಉಳಿದ ಅರ್ಧ ನಾವು ಮಾಡಬೇಕು.

ಹೇಗೆ ಎಂದರೆ: ಮೊದಲು ಉಳಿಯ ಚಪ್ಪಟೆ ಬೆನ್ನು. ತುದಿಯ ಒಂದು ಇಂಚಿನಷ್ಟು ಭಾಗ ಕಲ್ಲಿಗೆ ಪೂರ್ತಿ ಅಂಟಿಕೊಳ್ಳುವ ಹಾಗೆ ಉಜ್ಜಿ. ಹೊಳಪು ಒಂದೇ ಸಮನೆ ಬರುವವರೆಗೆ ಬಿಡಬೇಡಿ. ಇದು ಒಮ್ಮೆ ಮಾತ್ರ ಮಾಡುವ ಕೆಲಸ, ಆದರೆ ಒಂದು ಗಂಟೆ ಬೇಕಾದೀತು. ಆಮೇಲೆ ಇಳಿಜಾರು ಮುಖ. ಕೋನ ಅಳೆಯುವ ಸಾಧನ ಬೇಡ. ಇಳಿಜಾರಿನ ಉದ್ದ ಉಳಿಯ ದಪ್ಪದ ಎರಡರಷ್ಟಿದ್ದರೆ 30 ಡಿಗ್ರಿ, ಸುಮಾರು ಎರಡೂವರೆಯಷ್ಟಿದ್ದರೆ 25. ಹಲಸಿನಂಥ ಮರವನ್ನು ಕೊಡತಿಯಲ್ಲಿ ಹೊಡೆದು ಕೊರೆಯುವುದಕ್ಕೆ 30 ಒಳ್ಳೆಯದು, ಬಾಯಿ ಬೇಗ ಮುರಿಯುವುದಿಲ್ಲ. ಒರಟು ಕಲ್ಲಿನಲ್ಲಿ ತಿಕ್ಕುತ್ತಾ ಹೋದರೆ ಬೆನ್ನಿನ ಬದಿಗೆ ಕೂದಲಿನಷ್ಟು ಸಣ್ಣ ಮಡಿಕೆ ಏಳುತ್ತದೆ. ಬೆರಳು ಅಡ್ಡ ಸವರಿದರೆ ತಾಗುತ್ತದೆ. ಬಾಯಿಯ ಈ ಕೊನೆಯಿಂದ ಆ ಕೊನೆಯವರೆಗೆ ಅದು ಸಿಕ್ಕಿದ ಮೇಲೆಯೇ ನಯ ಕಲ್ಲಿಗೆ ಹೋಗಿ. ಕೊನೆಗೆ ಹಳೆ ಚರ್ಮದ ಬೆಲ್ಟಿಗೆ ಹಿಂದಕ್ಕೆ ಎಳೆದು ನಾಲ್ಕೈದು ಸಲ ಉಜ್ಜಿ. ಕಲ್ಲು ಇಲ್ಲದಿದ್ದರೆ ದಪ್ಪ ಗಾಜಿನ ಮೇಲೆ ನೀರು ಹಾಕಿ ಉಜ್ಜುವ ಕಾಗದ ಅಂಟಿಸಿ ಮಾಡಬಹುದು. ಕಾಗದದ ನಂಬರು 220, 400, 1000, 2000 ಹೀಗೆ ಸಾಲಾಗಿ, ಒರಟಿನಿಂದ ನಯಕ್ಕೆ.

ಗ್ರೈಂಡರಿಗೆ ಹಿಡಿಯಬೇಡಿ. ನಾನು ಅವಸರದಲ್ಲಿ ಹಿಡಿದೆ. ತುದಿ ನೀಲಿ ಬಣ್ಣಕ್ಕೆ ತಿರುಗಿತು. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಆ ಬಣ್ಣ ಬರುವುದು. ಬಂದರೆ ಹದ ಹೋಯಿತು ಎಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಹತ್ತು ಹೊಡೆತಕ್ಕೆ ಮೊಂಡು. ನೀಲಿಯಾದ ಭಾಗ ಪೂರ್ತಿ ಸವೆಸಿ ತೆಗೆಯಬೇಕಾಯಿತು.

ಹತ್ಯಾರು ಎಷ್ಟು ಬೇಕು? ಅರ್ಧ ಇಂಚಿನ ಒಂದು ಉಳಿ, ಒಂದು ಇಂಚಿನ ಒಂದು ಉಳಿ, ಒಂದು ಗರಗಸ, ಮೂಲೆಮಟ್ಟ, ಹುಣಸೆ ಮರದ ಕೊಡತಿ. ಚೆನ್ನೆಮಣೆಗೆ ಅರ್ಧಚಂದ್ರ ಬಾಯಿಯ ಉಳಿ ಒಂದು ಜಾಸ್ತಿ. ಅಷ್ಟು ಸಾಕು. ಹಲಗೆ ಕೀಸಿ ಸಮ ಮಾಡುವ ಕೀಸುಳಿ, ನಮ್ಮಲ್ಲಿ ತುಂಬಾ ಜನ ಮಲಯಾಳದ ಚಿಂತೇರು ಎಂದೇ ಹೇಳುತ್ತಾರೆ, ಅದನ್ನು ಆರು ತಿಂಗಳು ಬಿಟ್ಟು ತೆಗೆದುಕೊಳ್ಳಿ. ಅದರ ಅಲಗು ಮಸೆಯಲು ಬಾರದಿದ್ದರೆ ಸುಮ್ನೆ ಭಾರ. ಒಳ್ಳೆಯ ಕಮ್ಮಾರರ ಗುರುತು ಇದ್ದರೆ ಜೀಪಿನ ಹಳೆ ಸ್ಪ್ರಿಂಗ್ ಪಟ್ಟಿಯಿಂದ ಅರ್ಧಚಂದ್ರ ಉಳಿ ಮಾಡಿಸಿ. ಅಂಗಡಿಯದ್ದಕ್ಕಿಂತ ಅದೇ ಬಾಳಿಕೆ ಎಂಬುದು ನನ್ನ ಅನುಭವ.

ಪೆರ್ಲದಿಂದ

ಉಳಿಯ ವಿಷಯ ಬದಿಯಡ್ಕದವರು ಚೆನ್ನಾಗಿ ಹೇಳಿದ್ದಾರೆ. ನಾನು ಮರದ ಬಗ್ಗೆ ಹೇಳುತ್ತೇನೆ. ಆ ಹಲಗೆ ಈ ಆಟಿಗೆ ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಗಾಳಿಯಲ್ಲಿ ಒಣಗುವ ಹಲಗೆಗೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಎರಡು ಇಂಚಿಗೆ ಎರಡು ವರ್ಷ. ಅದರಲ್ಲೂ ನಮ್ಮದು ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಒಣಗುವುದೇ ಇಲ್ಲ, ತೇವ ಕುಡಿಯುತ್ತದೆ.

ನಾನು ಮಾಡಿದ ತಪ್ಪು ಇದು. ಮಾರ್ಚ್‌ನಲ್ಲಿ ಹಲಸಿನ ಹಲಗೆಯಲ್ಲಿ ದೇವರ ಪುಸ್ತಕ ಇಡಲು ಒಂದು ಪೆಟ್ಟಿಗೆ ಮಾಡಿದೆ. ಮುಚ್ಚಳ ಒಳಗೆ ಜಾರಿ ಕೂರುವ ಹಾಗೆ, ಕಾಗದ ತೂರದಷ್ಟು ಬಿಗಿಯಾಗಿ. ಎಲ್ಲರೂ ಹೊಗಳಿದರು. ಜುಲೈಯಲ್ಲಿ ಮುಚ್ಚಳ ತೆಗೆಯಲು ಬರಲಿಲ್ಲ. ಹೊಡೆದು ತೆಗೆಯುವಾಗ ಒಂದು ಬದಿ ಸೀಳಿತು. ಮರ ಉದ್ದಕ್ಕೆ ಹೆಚ್ಚೇನೂ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಬೇಸಿಗೆಯಲ್ಲಿ ಮಾಡುವ ಪೆಟ್ಟಿಗೆಗೆ ಮಳೆಗಾಲದ ಜಾಗ ಬಿಡಬೇಕು.

ಈಗ ನಿಮ್ಮ ಹಲಗೆ. ಎರಡೂ ತಲೆಗೆ, ಅಂದರೆ ಕೊಯ್ದ ತುದಿಗಳಿಗೆ, ಹಳೆ ಪೇಂಟ್ ಬಳಿಯಿರಿ, ನೀರು ತಲೆಯಿಂದ ಬೇಗ ಹೋದರೆ ಅಲ್ಲಿ ಬಿರುಕು ಬಿಡುತ್ತದೆ. ಒಂದರ ಮೇಲೊಂದು ಇಡುವಾಗ ನಡುವೆ ಒಂದೇ ದಪ್ಪದ ರೀಪಿನ ತುಂಡು ಇಡಿ, ಮೇಲಿನ ತುಂಡು ಕೆಳಗಿನ ತುಂಡಿನ ನೇರಕ್ಕೇ ಬರಲಿ. ನೆಲದಿಂದ ಒಂದಡಿ ಎತ್ತರ ಇರಲಿ. ಕೊಟ್ಟಿಗೆಯ ತೇವದಲ್ಲಿ ಬೇಡ, ಗಾಳಿ ಆಡುವ ಚಾವಡಿಗೆ ತನ್ನಿ. ಒಣಗಿದೆಯಾ ಎಂದು ತಿಳಿಯಲು ಒಂದು ಹಲಗೆಯನ್ನು ಪ್ರತಿ ತಿಂಗಳು ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದು ಲೆಕ್ಕ. ಬಿಳಿ ಭಾಗ ಕಡಿದು ತೆಗೆಯಿರಿ, ಕುಟ್ಟೆ ಹುಳ ಮೊದಲು ಹಿಡಿಯುವುದು ಅದನ್ನೇ. ಹಳದಿ ತಿರುಳನ್ನು, ಮಲಯಾಳದಲ್ಲಿ ಕಾತಲ್ ಎನ್ನುವುದನ್ನು, ಗೆದ್ದಲು ಕೂಡ ಅಷ್ಟು ಬೇಗ ಮುಟ್ಟುವುದಿಲ್ಲ.

ಈ ಆಟಿಗೆ ಹಳೆ ಮರ ಹುಡುಕಿ. ನಿಮ್ಮ ಮನೆ ಹಳತಾಗಿದ್ದರೆ ಅಡುಗೆಮನೆಯ ಅಟ್ಟ ನೋಡಿ. ಒಲೆಯ ಹೊಗೆ ತಿಂದ ಹಲಗೆಗೆ ಹುಳವೂ ಇಲ್ಲ, ತೇವವೂ ಇಲ್ಲ. ಇಲ್ಲದಿದ್ದರೆ ಹಳೆ ಮನೆ ಕೆಡವಿದ ಮರ ಮಾರುವ ಕಡೆ ಹೋಗಿ. ಐವತ್ತು ಅರವತ್ತು ವರ್ಷ ಮಾಡಿನ ಕೆಳಗೆ ಒಣಗಿದ ಮರ ಸಿಗುತ್ತದೆ. ಉಳಿ ಹಾಕುವ ಮೊದಲು ಅಯಸ್ಕಾಂತ ಓಡಿಸಿ ನೋಡಿ. ಒಳಗೆ ಮುರಿದ ಮೊಳೆ ಇದ್ದರೆ ಮಸೆದ ಬಾಯಿ ಒಂದೇ ಏಟಿಗೆ ಹೋಗುತ್ತದೆ.

ಮಂಜೇಶ್ವರದಿಂದ

ಪೆರ್ಲದವರ ಮಾತಿಗೆ ಒಂದು ಸಣ್ಣ ತಿದ್ದುಪಡಿ. ಅಜ್ಜನ ಮರದಿಂದಲೇ ಬೇಕು ಎಂದಿದ್ದರೆ ಒಂದು ತುಂಡನ್ನು ಈಗಲೇ ಅಳತೆಗೆ ಕತ್ತರಿಸಿ, ಗುಳಿಗಳನ್ನು ಅರ್ಧ ಆಳಕ್ಕೆ ತೋಡಿಡಿ. ದಪ್ಪ ಕಡಿಮೆಯಾದಷ್ಟು ಬೇಗ ಒಣಗುತ್ತದೆ. ಹಸಿ ಮರ ಉಳಿಗೂ ಮೆದು. ತೋಡಿದ್ದನ್ನು ಅದರದೇ ಹೊಟ್ಟಿನ ಜತೆ ಗೋಣಿಚೀಲದಲ್ಲಿಟ್ಟರೆ ಬಿರುಕು ಕಡಿಮೆಯಾಗುವ ಹಾಗೆ ನಿಧಾನಕ್ಕೆ ಒಣಗುತ್ತದೆ. ನಾನು ಮಾಡಿದ ಮೂರರಲ್ಲಿ ಎರಡು ಉಳಿದವು, ಒಂದು ತುದಿಯಲ್ಲಿ ಬಿರಿಯಿತು.

ಅಳತೆ ಹೀಗೆ ಇಟ್ಟುಕೊಳ್ಳಿ. ಒಂದು ಸಾಲಿಗೆ 7, ಎರಡು ಸಾಲಿಗೆ 14 ಗುಳಿ. ಗುಳಿಗೆ 6 ಸೆಂಟಿಮೀಟರ್ ಅಗಲ, ನಡುವೆ 1 ಸೆಂಟಿಮೀಟರ್ ಜಾಗ. ಅಲ್ಲಿಗೆ 48 ಆಯಿತು. ಎರಡೂ ತುದಿಗೆ ಗೆದ್ದ ಕಾಯಿ ಹಾಕಲು ದೊಡ್ಡ ಗುಳಿ ಬೇಕಾದರೆ ಹಲಗೆ 65 ಇರಲಿ. ಆಳ 2 ಸಾಕು. ಗುಳಿಗೆ 4ರಂತೆ 56 ಮಂಜೊಟ್ಟಿ ಕಾಯಿ. ಮಕ್ಕಳ ಬೆರಳು ತಳದವರೆಗೆ ಹೋಗಿ ಕಾಯಿಯನ್ನು ಬಾಚಿ ತೆಗೆಯುವಂತಿರಬೇಕು. ಆದ್ದರಿಂದ ಗೋಡೆ ಕಡಿದಾಗಿ ಬೇಡ, ತಟ್ಟೆಯ ಹಾಗೆ ಇಳಿಯಲಿ.

ಕೈವಾರದಲ್ಲಿ ವೃತ್ತ ಎಳೆದು, ನಡುವೆ ಬೈರಿಗೆಯಿಂದ ಒಂದೂವರೆ ಸೆಂಟಿಮೀಟರ್ ತೂತು ಹಾಕಿ. ಆಳದ ಗುರುತಿಗೆ ಬೈರಿಗೆಗೆ ಟೇಪ್ ಸುತ್ತಿ. ಆಮೇಲೆ ಅರ್ಧಚಂದ್ರ ಉಳಿಯಲ್ಲಿ ಅಂಚಿನಿಂದ ನಡುವಿಗೆ ಇಳಿಯಿರಿ. ಯಾವತ್ತೂ ಅಂಚಿನಿಂದ ನಡುವಿಗೆ. ತಳದಿಂದ ಮೇಲಕ್ಕೆ ತಳ್ಳಿದರೆ ಎಳೆ ಸೀಳಿ ಅಂಚು ಹಾರುತ್ತದೆ. ಹಲಸಿನ ಎಳೆ ಅಲ್ಲಲ್ಲಿ ತಿರುಗಿರುತ್ತದೆ. ಹಾಗಾಗಿ ಒಂದು ಬದಿಯಲ್ಲಿ ಬೆಣ್ಣೆಯ ಹಾಗೆ ಹೋದದ್ದು ಎದುರು ಬದಿಯಲ್ಲಿ ಒರಟಾದರೆ ಎಳೆಗೆ ಅಡ್ಡವಾಗಿ ಹಿಡಿಯಿರಿ. ರಟ್ಟಿನಲ್ಲಿ ಗುಳಿಯ ಆಕಾರ ಕತ್ತರಿಸಿಟ್ಟುಕೊಂಡು ಪ್ರತಿ ಗುಳಿಗೂ ಇಟ್ಟು ನೋಡಿ, ಹದಿನಾಲ್ಕೂ ಒಂದೇ ಥರ ಬರುತ್ತವೆ.

ಹಲಗೆ ಹಿಡಿದಿಡಲು ಏನೂ ಇಲ್ಲದಿದ್ದರೆ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬೆಂಚಿಗೆ ಬಿಗಿಯಿರಿ. ಎರಡೂ ಕೈ ಉಳಿಯ ಹಿಂದೆಯೇ ಇರಬೇಕು. ಮಗಳು ಪಕ್ಕದಲ್ಲಿ ಕೂರುವುದಾದರೆ ಇದನ್ನು ಮೊದಲ ದಿನವೇ ಹೇಳಿ. 8 ವರ್ಷದ ಮಕ್ಕಳಿಗೆ ಉಳಿ ಕೊಡುವುದಕ್ಕಿಂತ ಅರ ಮತ್ತು ಉಜ್ಜುವ ಕಾಗದ ಕೊಡಿ. ಗುಳಿಯ ಒಳಗೆ ನಯ ಮಾಡುವುದು ಅವರ ಬೆರಳಿಗೆ ಹೇಳಿ ಮಾಡಿಸಿದ ಕೆಲಸ.

ನೀರ್ಚಾಲಿನಿಂದ

ಯಾರ ಹತ್ತಿರ ಕಲಿಯಲಿ ಎಂದು ಕೇಳಿದಿರಲ್ಲ, ಅದಕ್ಕೆ ಯಾರೂ ಉತ್ತರಿಸಲಿಲ್ಲ. ನನ್ನ ಅಪ್ಪ ಆಚಾರಿ. ಈಗ ಇಲ್ಲ. ಅವರ ಹತ್ಯಾರಿನ ಪೆಟ್ಟಿಗೆ ನನ್ನ ಹತ್ತಿರ ಇದೆ.

ಅಣ್ಣಾ, ನಿಮ್ಮ ಊರಿನ ಆಚಾರಿಯ ಹತ್ತಿರವೇ ಹೋಗಿ. ಆದರೆ ಹೋಗುವ ಕ್ರಮ ಒಂದಿದೆ. ಅಪ್ಪನ ಹತ್ತಿರ ಆಸೆಯಿಂದ ಬಂದವರು ತುಂಬಾ ಜನ. ಅರ್ಧ ದಿನ ನಿಂತು ಫೋಟೋ ತೆಗೆದು, ಪ್ರಶ್ನೆ ಕೇಳಿ ಹೋಗುತ್ತಿದ್ದರು. ಅಪ್ಪ ಕೈ ನಿಲ್ಲಿಸಿ ಉತ್ತರ ಕೊಡುತ್ತಿದ್ದರು. ಆ ದಿನದ ಕೆಲಸ ಸಂಜೆಗೆ ಉಳಿಯುತ್ತಿತ್ತು. ಒಬ್ಬರೂ ಅದಕ್ಕೆ ಸಂಬಳ ಎಂದು ಕೊಟ್ಟದ್ದಿಲ್ಲ. ಕಲಿಸುವುದೂ ಕೆಲಸ ಎಂದು ಅವರಿಗೆ ಹೊಳೆಯಲೇ ಇಲ್ಲ. ನೀವು ಹಾಗೆ ಮಾಡಬೇಡಿ. ದಿನದ ಸಂಬಳ ಕೊಟ್ಟು ಒಂದು ದಿನ ಮನೆಗೆ ಕರೆಯಿರಿ. ನಿಮ್ಮದೇ ಉಳಿ ಮಸೆಯಿಸಿ, ಪಕ್ಕದಲ್ಲಿ ಕೂತು ನೋಡಿ. ಮಾತು ಕಮ್ಮಿ ಇರಲಿ. ಆ ಕೈಗಳಿಗೆ ಗೊತ್ತಿರುವುದು ಎಷ್ಟೋ ಸಲ ಬಾಯಿಗೆ ಬರುವುದಿಲ್ಲ. ಮೊಣಕೈ ಎಲ್ಲಿದೆ, ಉಸಿರು ಯಾವಾಗ ಬಿಡುತ್ತಾರೆ, ಕಾಲಿನಲ್ಲಿ ಮರವನ್ನು ಹೇಗೆ ಒತ್ತಿ ಹಿಡಿಯುತ್ತಾರೆ, ಅದನ್ನು ನೋಡಿ.

ಅವರ ಉಳಿ ಕೇಳಬೇಡಿ. ಆಚಾರಿ ತನ್ನ ಉಳಿ ಇನ್ನೊಬ್ಬರಿಗೆ ಕೊಡದಿದ್ದರೆ ಅದು ಜಿಪುಣತನ ಅಲ್ಲ. ವರ್ಷಗಟ್ಟಲೆ ಒಂದೇ ಕೈ ಮಸೆದ ಬಾಯಿಗೆ ಆ ಕೈಯದೇ ಓರೆ ಬಂದಿರುತ್ತದೆ. ಬೇರೆಯವರು ಒಂದು ಸಲ ಮಸೆದರೂ ಅದು ಕೆಡುತ್ತದೆ. ಹತ್ಯಾರನ್ನು ದಾಟಿ ಹೋಗಬೇಡಿ, ನೆಲದಲ್ಲಿದ್ದರೆ ಸುತ್ತಿ ಹೋಗಿ.

ಅಪ್ಪನ ಪೆಟ್ಟಿಗೆಯಲ್ಲಿ ಒಂದು ಮರದ ಕೋಲು ಇದೆ. ಮುಳಕ್ಕೋಲು ಎನ್ನುತ್ತಿದ್ದರು. ಒಂದು ಕೋಲು ಎಂದರೆ 24 ಅಂಗುಲ, ಸುಮಾರು 72 ಸೆಂಟಿಮೀಟರ್. ಈ ಅಂಗುಲ ಇಂಚು ಅಲ್ಲ, 3 ಸೆಂಟಿಮೀಟರಿನಷ್ಟು ಬರುತ್ತದೆ. ಟೇಪ್ ಬಂದ ಮೇಲೂ ಮನೆಯ ಕೆಲಸಕ್ಕೆ ಅವರು ಕೋಲೇ ಹಿಡಿಯುತ್ತಿದ್ದರು. ಗಾಳಿಯಲ್ಲಿ ಒಮ್ಮೆ ಬೀಸಿ ಇದು ಎರಡು ಕೋಲು ನಾಲ್ಕಂಗುಲ ಎನ್ನುತ್ತಿದ್ದರು. ಅಳೆದರೆ ಸರಿ ಇರುತ್ತಿತ್ತು. ಅದನ್ನು ನಾನು ಕಲಿಯಲಿಲ್ಲ. ಕಲಿಸಿ ಎಂದು ಕೇಳಲೂ ಇಲ್ಲ. ಹೆಣ್ಣುಮಕ್ಕಳು ಕೇಳುವ ವಿಷಯ ಅಲ್ಲ ಎಂದು ಆಗ ನನಗೇ ಅನಿಸಿತ್ತು. ನಿಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಆಗುವುದಾದರೆ ಒಂದು ದಿನ ಅವಳನ್ನು ಮಧೂರು ದೇವಸ್ಥಾನಕ್ಕೂ ಕರೆದುಕೊಂಡು ಹೋಗಿ. ಮಂಟಪದಲ್ಲಿ ರಾಮಾಯಣದ ಕಥೆಯನ್ನು ಮರದಲ್ಲಿ ಕೆತ್ತಿದ್ದಾರೆ. ತಲೆ ಎತ್ತಿ ನೋಡಬೇಕು.

ಉಪ್ಪಳದಿಂದ

ಎಣ್ಣೆಯ ಬಗ್ಗೆ ಎರಡು ಮಾತು. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ, ಹುಳ ಬರುವುದಿಲ್ಲ ಎಂದು ಯಾರಾದರೂ ಹೇಳಬಹುದು. ಮಾಡಿನ ಪಕ್ಕಾಸಿಗೆ ಅದು ಒಳ್ಳೆಯದು. ಮಕ್ಕಳ ಸಾಮಾನಿಗೆ ಖಂಡಿತ ಬೇಡ. ನಾನು ಕೈಗವಸು ಹಾಕದೆ ಬಳಿದು ಹದಿನೈದು ದಿನ ಅಂಗೈ ಗುಳ್ಳೆ ಎದ್ದು ನರಳಿದ್ದೇನೆ. ತೆಂಗಿನೆಣ್ಣೆ ಮರದ ಮೇಲೆ ಒಣಗುವುದಿಲ್ಲ. ಅದನ್ನು ಹತ್ಯಾರಿಗೆ ಸವರಿ, ಸಮುದ್ರದ ಗಾಳಿಗೆ ತುಕ್ಕು ಹಿಡಿಯುವುದು ತಪ್ಪುತ್ತದೆ. ಚೆನ್ನೆಮಣೆಗೆ ಅಗಸೆ ಎಣ್ಣೆ, ಮೇಲೆ ಸ್ವಲ್ಪ ಜೇನುಮೇಣ. ಪೇಂಟ್ ಅಂಗಡಿಯ ಬೇಯಿಸಿದ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ, ಹಸಿ ಎಣ್ಣೆಯೇ ತನ್ನಿ. ಒಣಗಲು ವಾರಗಟ್ಟಲೆ ಬೇಕು, ಆದ್ದರಿಂದ ಮೇ ತಿಂಗಳಲ್ಲೇ ಬಳಿದುಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ತಾನಾಗಿ ಬೆಂಕಿ ಹಿಡಿದೀತು. ಹರಡಿ ಒಣಗಿಸಿ.

ಮುಳ್ಳೇರಿಯದಿಂದ, ಮತ್ತೆ

ಎಲ್ಲರ ಮಾತನ್ನೂ ಎರಡು ಸಲ ಓದಿದೆ. ಪೆರ್ಲದ ಮಾವ, ಹಲಗೆಗಳು ಈಗ ಚಾವಡಿಗೆ ಬಂದಿವೆ, ತಲೆಗೆ ಪೇಂಟ್ ಆಯಿತು. ಮೊದಲ ತೂಕ 18 ಕಿಲೋ 400 ಗ್ರಾಂ, ಮಗಳು ಕ್ಯಾಲೆಂಡರಿನಲ್ಲಿ ಬರೆದಿದ್ದಾಳೆ. ಅಟ್ಟದಲ್ಲಿ ಹಳೆ ಬಾಗಿಲಿನ ಒಂದು ಹಲಗೆ ಸಿಕ್ಕಿತು, ಮಸಿ ಒರೆಸಿದರೆ ಒಳಗೆ ಕಡು ಕಂದು ಬಣ್ಣದ ಹಲಸು. ಮೊದಲನೆಯದನ್ನು ಅದರಲ್ಲೇ ಮಾಡುತ್ತೇನೆ. ಅಜ್ಜನ ಮರದ್ದು ಅದರ ನಂತರ.

ನೀರ್ಚಾಲಿನ ಅಕ್ಕ, ನೀವು ಹೇಳಿದ ಹಾಗೆಯೇ ನಮ್ಮ ಊರಿನ ಆಚಾರಿಯನ್ನು ದಿನದ ಸಂಬಳಕ್ಕೆ ಕರೆದೆ. ಆದಿತ್ಯವಾರ ಬರುತ್ತಾರೆ. ಕಲಿಯಲಿಕ್ಕೆ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಕಲ್ಲು ಇದೆಯಾ ಎಂದು ಕೇಳಿದರು.

ಒಂದೇ ತೊಂದರೆ. ಅರ್ಧಚಂದ್ರ ಉಳಿ ಮಾಡಿಕೊಡಲು ಕಮ್ಮಾರರು ಒಂದು ತಿಂಗಳು ಕೇಳಿದ್ದಾರೆ. ಅಷ್ಟರವರೆಗೆ ಯಾರ ಹತ್ತಿರವಾದರೂ ಇದ್ದರೆ ಕೊಡಬಹುದಾ? ಆಚಾರಿಯವರ ಹತ್ತಿರ ಕೇಳಬಾರದು ಎಂದು ಗೊತ್ತಾಯಿತು.

ಬದಿಯಡ್ಕದಿಂದ

ನನ್ನ ಹತ್ತಿರ ಎರಡು ಇವೆ. ಒಂದು ಇಂಚಿನದ್ದು ನಿಮಗೆ. ಶನಿವಾರ ಸಂಜೆ ಐದರ ಮೇಲೆ ಬದಿಯಡ್ಕ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತೇನೆ. ಇದರ ಬಾಯಿ ವಕ್ರ, ಕಲ್ಲಿನ ಮೇಲೆ ಮಸೆಯುವಾಗ ಮಣಿಕಟ್ಟು ಉರುಳಿಸುತ್ತಾ ಹೋಗಬೇಕು. ಅಲ್ಲೇ ಹತ್ತು ನಿಮಿಷ ತೋರಿಸುತ್ತೇನೆ, ಕಲ್ಲು ತರುತ್ತೇನೆ. ಮಗಳನ್ನೂ ಕರೆದುಕೊಂಡು ಬನ್ನಿ.