ಮುಯ್ಯಾಳಿಗೂ ಬರದವರು: ಸಾಲಕ್ಕೆ ಹೆದರಬೇಕೋ, ಮಾತಿಗೋ?

ದರೆಮೇಲಿನ ಮನೆ (ತೀರ್ಥಹಳ್ಳಿ ಕಡೆ):
ನಮ್ಮ ಸಂಘದ ಸದಸ್ಯೆಯೊಬ್ಬರ ಗಂಡ, ಐವತ್ತು ದಾಟಿದವರು. ಎರಡು ವರ್ಷ ಕೊಳೆ ಬಂದು ಅಡಿಕೆ ಹೋಯ್ತು, ಸೊಸೈಟಿ ಸಾಲ ಕಟ್ಟಿಲ್ಲ. ಜಾಮೀನು ಹಾಕಿದ ಭಾವನ ಜತೆ ಮಾತಿಲ್ಲ. ಈ ಸಲ ಗದ್ದೆ ನೆಟ್ಟಿಗೆ ಯಾರ ಮನೆ ಮುಯ್ಯಾಳಿಗೂ (ಕೂಲಿಯಿಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗೋದು) ಬಂದಿಲ್ಲ. ಮೊನ್ನೆ ‘ನಾನೊಬ್ಬ ಇಲ್ದಿದ್ರೆ ಇವರಿಗೆಲ್ಲ ಹಗುರ’ ಅಂದರಂತೆ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗಲ್ವಾ?

ಸಮಾಲೋಚಕಿ, ಸಾಗರ:
ಮಾತಿಗೇ ಹೆದರಿ. ಸಾಲ ಇರೋರೆಲ್ಲ ಸಾಯೋ ಯೋಚನೆ ಮಾಡಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಮುಂದಿಟ್ಟ ಸಿದ್ಧಾಂತದಲ್ಲಿ ಎರಡು ಭಾವನೆ ಮುಖ್ಯ: ‘ನನಗೆ ಯಾರೂ ಇಲ್ಲ’, ‘ನಾನು ಎಲ್ಲರಿಗೂ ಹೊರೆ’. ಎರಡೂ ಕೂಡಿ, ಇದಿನ್ನು ಬದಲಾಗಲ್ಲ ಅನ್ನಿಸಿದಾಗ ಯೋಚನೆ ಗಟ್ಟಿಯಾಗುತ್ತೆ. ಭಾವನ ಮೌನ ಮೊದಲನೆಯದು, ‘ಹಗುರ’ ಎರಡನೆಯದು. ಮುಯ್ಯಾಳು ನಿಂತದ್ದು ಎರಡಕ್ಕೂ ಸೇರುತ್ತೆ. ಕೊಟ್ಟು ತಗೊಳ್ಳೋ ಲೆಕ್ಕದಿಂದಲೇ ಅವರು ಹೊರಗಾದರು.

ಕೇಳಿದರೆ ಯೋಚನೆ ಹುಟ್ಟಲ್ಲ. ಮನೆಯವರ ಎದುರು ಬೇಡ, ಒಬ್ಬರೇ ಸಿಕ್ಕಾಗ ‘ಸಾಯೋ ಯೋಚನೆ ಬರ್ತಿದೆಯಾ?’ ಅನ್ನಿ. ‘ಅಂಥದ್ದೇನೂ ಇಲ್ಲ ತಾನೆ?’ ಅಂದರೆ ‘ಇಲ್ಲ’ ಅಂತಲೇ ಬರೋದು. ಹೌದು ಅಂದರೆ, ಹೇಗೆ, ಯಾವಾಗ ಅಂತ ಮನಸ್ಸಲ್ಲಿ ಗೊತ್ತು ಮಾಡಿಕೊಂಡಿದ್ದಾರಾ ಕೇಳಿ. ಮಾಡಿಕೊಂಡಿದ್ದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆ; 108ಕ್ಕೆ ಹೇಳಿ. ಗುಟ್ಟಾಗಿಡ್ತೀನಿ ಅಂತ ಮಾತ್ರ ಮಾತು ಕೊಡಬೇಡಿ.

ಆಶಾ, ಹೊಸನಗರ:
ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416: ದುಡ್ಡಿಲ್ಲ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಸಿಗ್ನಲ್‌ಗೆ ದರೆ ಹತ್ತಬೇಕಾದ ಜಾಗವಾದರೆ ‘ನೀವೇ ಮಾಡಿ’ ಅಂತ ನಂಬರ್ ಕೊಟ್ಟು ಬರಬೇಡಿ, ಜೊತೆಗೆ ನಿಂತು ಮಾಡಿಸಿ. ತೋಟಕ್ಕೆ ಹೊಡೆಯೋ ಔಷಧಿ ಸದ್ಯಕ್ಕೆ ಬೇರೆಯವರ ಮನೆಯಲ್ಲಿ ಬೀಗದೊಳಗಿರಲಿ. ವಿಪರೀತ ಅನ್ನಿಸೋ ಗಳಿಗೆ ಸಾಮಾನ್ಯವಾಗಿ ಬಹಳ ಹೊತ್ತು ಇರಲ್ಲ, ಅದನ್ನು ದಾಟಿಸೋದೇ ದೊಡ್ಡ ಕೆಲಸ.

ಓದುಗ, ಶಿವಮೊಗ್ಗ:
ಜೆರೋಮ್ ಮೋಟೊ ಅನ್ನೋ ಮನೋವೈದ್ಯರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಬೇಡವೆಂದ 843 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ 5 ವರ್ಷ ಆಗಾಗ ನಾಲ್ಕು ಸಾಲಿನ ಪತ್ರ. ಕ್ಷೇಮವೇ ಅಂತಷ್ಟೇ, ಏನೂ ಮಾಡಿ ಅನ್ನದ ಪತ್ರ. ಮೊದಲ ಎರಡು ವರ್ಷ ಆ ಗುಂಪಿನಲ್ಲಿ ಆತ್ಮಹತ್ಯೆ ಸ್ಪಷ್ಟವಾಗಿ ಕಡಿಮೆ ಇತ್ತು.

ಹಾಗಾಗಿ ಒಂದು ಸಲ ಹೋಗಿ ಉಪದೇಶ ಮಾಡಿ ಬರೋದಲ್ಲ, ವಾರಕ್ಕೊಮ್ಮೆ ಹೋಗಿ. ‘ಸಹಾಯ ಬೇಕಾ’ ಅಂದರೆ ಅವರ ಲೆಕ್ಕದಲ್ಲಿ ಇನ್ನೊಂದು ಹೊರೆ. ‘ಅಂಚು ಕಡಿಯೋಕೆ ಒಂದಾಳು ಕಮ್ಮಿ, ನೀವು ಬಂದರೇ ಆಗೋದು’ ಅನ್ನಿ.

ದರೆಮೇಲಿನ ಮನೆ:
ನಾಳೆಯೇ ಹೋಗ್ತೀನಿ. ಭಾವನನ್ನೂ ಕರ್ಕೊಂಡು ಹೋಗಲಾ?

ಸಮಾಲೋಚಕಿ, ಸಾಗರ:
ಮೊದಲ ಸಲ ಬೇಡ. ಆಮೇಲೂ ಜಾಮೀನಿನ ಸುದ್ದಿ ಎತ್ತಲ್ಲ ಅಂದರೆ ಮಾತ್ರ.